ಬಿಂದುಮಾಧವರಾಯರ ಮೊಮ್ಮಗಳ ವೀಕ್‌ನೆಸ್

ಧಾರವಾಡದ ಮಾಳಮಡ್ಡಿಯ ಬಿಂದುಮಾಧವರಾಯರು ತಮ್ಮ ಆಯುಷ್ಯದಲ್ಲಿ ಕೊಟ್ಟದ್ದು ಒಂದೇ ಒಂದು ಇಂಟರ್‌ವ್ಯೂ. ಅದರಲ್ಲಿ ಪಾಸಾದರು. ಅಂದರೆ ನೂರಕ್ಕೆ ನೂರು ಫಲಿತಾಂಶ. ಹೀಗಾಗಿ, ಓಣಿಯಲ್ಲಿ ಯಾವ ಹುಡುಗ ಪದವಿ ಮುಗಿಸಿದರೂ ಅವನಿಗೆ ನೌಕರಿ ಹಿಡಿಯುವ ವಿದ್ಯೆಯನ್ನು ಹೇಳಿಕೊಡುವ ಅಧಿಕಾರ ತಮಗೆ ತಾನಾಗಿಯೇ ಬಂದಿದೆ ಎಂದು ಅವರು ತಿಳಿದಿದ್ದರು. ಇದು ಹುಡುಗರಿಗೂ ಗೊತ್ತಿತ್ತು. ಅದಕ್ಕೇ ರಾಯರು ಕಟ್ಟೆಯ ಮೇಲೆ ಕೂತಿದ್ದು ಕಂಡರೆ ಅವರು ಹಿಂದಿನ ಸಂದಿಯಿಂದ ಹೋಗುತ್ತಿದ್ದರು.

ಆ ಚಾರಿತ್ರಿಕ ಇಂಟರ್‌ವ್ಯೂದಲ್ಲಿ ಮೂವರು ಸಾಹೇಬರು ಕೂತಿದ್ದರು. ನಡುವಿನವರು, "ಸೈಕಲ್ ಹೊಡೀಲಿಕ್ಕೆ ಬರ್ತದೇನು?" ಎಂದು ಕೇಳಿದರು. "ಬರ್ತದ್ರಿ" ಎಂದರು ರಾಯರು. ಎಡಗಡೆಯವರು, "ಡಬಲ್?" ಎಂದರು. "ಹಿಂದ ಒಬ್ಬರು, ಮುಂದ ಒಬ್ಬರು ಕೂತ್ರೂ ಹೊಡೀತೇನ್ರಿ" ಎಂದರು ರಾಯರು. ಬಲಗಡೆಯವರು ನಕ್ಕರು. ಗುಮಾಸ್ತನ ನೌಕರಿ ಆಯಿತು. ಮುಂದೆ ಇಡೀ ಸೇವಾವಧಿಯಲ್ಲಿ ರಾಯರು ಸರಕಾರಿ ಕೆಲಸಕ್ಕಾಗಿ ಒಂದು ದಿನವೂ ಸೈಕಲ್ ತುಳಿಯಲಿಲ್ಲ ಎನ್ನುವುದು ಬೇರೆ ಮಾತು.

ಆದರೆ ಆ ಇಂಟರ್‌ವ್ಯೂದ ಖೋಲಿಯ ತನಕ ಮುಟ್ಟುವುದೇನು ಸುಮ್ಮನೆ ಆಗಿತ್ತೇ? ಅರ್ಜಿ ಬರೆಯುವುದೆಂದರೆ ಆಗ ಒಂದು ಕಾರ್ಯ. ಮುಂಜಾನೆ ಸ್ನಾನ ಮಾಡಿ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋಗಬೇಕು. ಒಳಗೆ ಇಪ್ಪತ್ತು ಮಷೀನುಗಳು ಒಮ್ಮೆಲೇ ಕಟಕಟ ಎನ್ನುತ್ತಿದ್ದವು. ಹೊರಗೆ ನಿಂತವನಿಗೆ ತಗಡಿನ ಮೇಲೆ ಆಣೆಕಲ್ಲು ಬಿದ್ದ ಹಾಗೆ ಕೇಳಿಸುತ್ತಿತ್ತು. ಒಂದು ಅಕ್ಷರ ತಪ್ಪಿದರೆ ಇಡೀ ಹಾಳೆ ಹೋಯಿತು. ಆಮೇಲೆ ಮಾರ್ಕ್ಸ್ ಕಾರ್ಡಿನ ನಕಲಿಗೆ ಗೆಜೆಟೆಡ್ ಆಫೀಸರರ ಸಹಿ ಬೇಕು. ರಾಯರ ತಂದೆಯವರಿಗೆ ಪರಿಚಯವಿದ್ದ ಒಬ್ಬರೇ ಗೆಜೆಟೆಡ್ ಆಫೀಸರ್ ಎಂದರೆ ದನದ ಡಾಕ್ಟರು. ಅವರು ಕೆಲಸದಲ್ಲಿದ್ದರು. ಒಂದು ಕೈ ಎಮ್ಮೆಯ ಹೊಟ್ಟೆಯ ಮೇಲಿಟ್ಟು, ಎಮ್ಮೆಯ ಬೆನ್ನ ಮೇಲೇ ಹಾಳೆ ಹಾಸಿಕೊಂಡು ಸಹಿ ಮಾಡಿದರು. ಎಮ್ಮೆ ಉಸಿರು ಎಳೆದುಕೊಂಡಿತು, ಸಹಿಯ ಬಾಲ ಮಾರ್ಕಿನ ಮೇಲೆ ಹರಿದು ಕನ್ನಡದಲ್ಲಿ ಐವತ್ತೊಂದು ಇದ್ದದ್ದು ಐವತ್ತೇಳರ ಹಾಗೆ ಕಂಡಿತು. ಅದು ಎಮ್ಮೆಯ ಪುಣ್ಯ ಎಂದು ರಾಯರು ಇವತ್ತಿಗೂ ಹೇಳುತ್ತಾರೆ. ಇಂಟರ್‌ವ್ಯೂದ ಕಾಗದ ತಂದ ಪೋಸ್ಟಮನ್ ಅದನ್ನು ಮನೆಯವರಿಗಿಂತ ಮೊದಲು ಓದಿಕೊಂಡೇ ಬಂದಿದ್ದ. ಒಬ್ಬರು ಬುಶ್‌ಶರ್ಟು ಕೊಟ್ಟರು, ಒಬ್ಬರು ಚಪ್ಪಲಿ ಕೊಟ್ಟರು. ಆಗಿನ ಕಾಲದಲ್ಲಿ ನೌಕರಿ ಒಬ್ಬನಿಗೆ ಆಗುತ್ತಿದ್ದರೂ ಅರ್ಜಿ ಮಾತ್ರ ಇಡೀ ಓಣಿಯೇ ಹಾಕುತ್ತಿತ್ತು.

ಈಗ ರಾಯರ ಮೊಮ್ಮಗಳು ಸಂಪದಾ ಬಿ.ಕಾಂ. ಮುಗಿಸಿ ನೌಕರಿ ಹುಡುಕುತ್ತಿದ್ದಳು. ಮಗ, ಸೊಸೆ ಗದಗಿನಲ್ಲಿ. ಸಾಲಿ ಕಲಿಯಲಿಕ್ಕೆಂದು ಸಣ್ಣವಳಿದ್ದಾಗ ಅಜ್ಜ ಅಜ್ಜಿಯ ಹತ್ತಿರ ಬಂದ ಹುಡುಗಿ ಇಲ್ಲಿಯೇ ದೊಡ್ಡವಳಾಗಿದ್ದಳು. ಮನೆಯಲ್ಲೇ ಒಬ್ಬ ಉಮೇದುವಾರಳು ತಯಾರಾದಳಲ್ಲ ಎಂದು ರಾಯರಿಗೆ ಹಿಗ್ಗು. ಆದರೆ ಹಿಗ್ಗು ಬಾಳಲಿಲ್ಲ. ಅರ್ಜಿ ತಾವೇ ಬರೆದುಕೊಡುತ್ತೇನೆ ಎಂದರೆ, "ಈಗ ಒಂದ ಹಾಳಿ ರೆಸ್ಯೂಮ್ ಸಾಕು ಅಜ್ಜಾ. ಮೊದಲು ಅದನ್ನ ಕಂಪ್ಯೂಟರ್ ಓದ್ತದ" ಎಂದಳು.

"ಕಂಪ್ಯೂಟರ್ ಓದ್ತದ? ಸಾಹೇಬ್ರು?"

"ಕಂಪ್ಯೂಟರ್ ಪಾಸ್ ಮಾಡಿದ್ರ ಆಮ್ಯಾಲೆ ಸಾಹೇಬ್ರು."

"ಹಂಗಾದ್ರ ಅದಕ್ಕ ಸಾಹೇಬ್ರ ಅನ್ನು" ಎಂದು ರಾಯರು ಕಟ್ಟೆಗೆ ಹೋಗಿ ಕೂತರು.

ಹುಡುಗಿ ಬಾಗಿಲು ಹಾಕಿಕೊಂಡು ಒಬ್ಬಳೇ ಅರ್ಜಿ ಹಾಕುತ್ತಿದ್ದಳು, ಒಬ್ಬಳೇ ನಪಾಸಾಗುತ್ತಿದ್ದಳು. ಆಗಲಿಲ್ಲ ಎನ್ನುವ ಸುದ್ದಿಯೂ ಫೋನಿನಲ್ಲೇ ಸದ್ದಿಲ್ಲದೆ ಬರುತ್ತಿತ್ತು. ಊಟಕ್ಕೆ ಕೂತಾಗ ಅವಳ ಮುಖ ನೋಡಿಯೇ ತಿಳಿದುಕೊಳ್ಳಬೇಕು. ಅಳಲಿಕ್ಕೆ ಸಹ ಯಾರನ್ನೂ ಕರೆಯದ ಈ ಪದ್ಧತಿ ರಾಯರಿಗೆ ಸೇರಲಿಲ್ಲ. ಕಡೆಗೆ ಲಕಮನಹಳ್ಳಿಯಲ್ಲಿ ಪಂಪಿನ ಬಿಡಿಭಾಗ ಮಾಡುವ ಒಂದು ಕಂಪನಿಯಿಂದ, ಅಕೌಂಟ್ಸ್ ವಿಭಾಗದ ಟ್ರೇನಿ ಕೆಲಸಕ್ಕೆ, ಪರೀಕ್ಷೆಗೆ ಕೂಡ್ರು ಎಂದು ಕರೆ ಬಂತು. ಗದಗಿನಿಂದ ತಂದೆ ಫೋನು ಮಾಡಿ, "ಇದೂ ಆಗಲಿಲ್ಲ ಅಂದ್ರ ಸಾಕು, ಇಲ್ಲೇ ಬಂದುಬಿಡು. ಪರಿಚಯದವರ ಅಂಗಡ್ಯಾಗ ಕೂಡ್ರುವಂತಿ" ಎಂದ. ಸಂಪದಾ "ಹೂಂ" ಎಂದಳು. ಆ "ಹೂಂ" ಕೇಳಿ ರಾಯರಿಗೆ ಎದೆಯಲ್ಲಿ ಚುರುಕ್ ಎಂದಿತು.

ಮರುದಿನ ಮಧ್ಯಾಹ್ನ ಅವರು ಅವಳ ಖೋಲಿಯ ಮುಂದೆ ಹಾದು ಹೋಗುತ್ತಿದ್ದರು. ಹೋಗುತ್ತಿದ್ದರು ಎಂದರೆ, ಬಹಳ ಹೊತ್ತಿನಿಂದ ಹೋಗುತ್ತಲೇ ಇದ್ದರು. ಒಳಗೆ ಸಂಪದಾ ಫೋನನ್ನು ಸ್ಪೀಕರಿಗೆ ಹಾಕಿ ಗೆಳತಿ ಧನಶ್ರೀಯ ಜೊತೆ ಮಾತಾಡುತ್ತಿದ್ದಳು.

"ನನ್ನ ವೀಕ್‌ನೆಸ್ ಸಣ್ಣಾಕಿ ಇದ್ದಾಗಿಂದ ಅದ. ಮನ್ಯಾಗ ಯಾರಿಗೂ ಗೊತ್ತಿಲ್ಲ."

"ಹಿಂಗ ಖರೇ ಖರೇ ಹೇಳಿದ್ರ ಯಾರೂ ತೊಗೊಳ್ಳೂದಿಲ್ಲ, ಸಂಪೂ. ಮುಚ್ಚಿಡಬೇಕು."

"ಹೆಂಗ ಮುಚ್ಚಿಡ್ಲಿ? ಒಂದೊಂದ ದಿನ ಅದರಿಂದ ಭಾಳ ತ್ರಾಸ ಆಗ್ತದ."

"ಈಗ ಕಡಿಮಿ ಆಗ್ಲಿಕತ್ತದ ಅಂತ ಹೇಳು. ಅಷ್ಟ ಸಾಕು."

ಇಲ್ಲಿ ಓದುಗರಿಗೆ ಒಂದು ಮಾತು ಹೇಳಬೇಕು. ಈಗಿನ ಇಂಟರ್‌ವ್ಯೂಗಳಲ್ಲಿ ಒಂದು ಪದ್ಧತಿ ಇದೆ. ನಿನ್ನ ಸ್ಟ್ರೆಂಗ್ತ್ ಏನು, ವೀಕ್‌ನೆಸ್ ಏನು ಎಂದು ಕೇಳುತ್ತಾರೆ. ಅಂದರೆ ನಿನ್ನ ಸ್ವಭಾವದಲ್ಲಿ ಒಳ್ಳೆಯದು ಯಾವುದು, ಕುಂದು ಯಾವುದು ಎಂದು. ಗೆಳತಿಯರಿಬ್ಬರೂ ಅದಕ್ಕೆ ಉತ್ತರ ಕೂಡಿಸುತ್ತಿದ್ದರು. ಆದರೆ ಧಾರವಾಡದಲ್ಲಿ ವೀಕ್‌ನೆಸ್ ಎನ್ನುವುದು ಸ್ವಭಾವ ಅಲ್ಲ, ಜಡ್ಡು. ಮುಖ ಬಾಡಿದರೆ ವೀಕ್‌ನೆಸ್, ಮೆಟ್ಟಿಲು ಹತ್ತಿ ತೇಕಿದರೆ ವೀಕ್‌ನೆಸ್, ಡಾಕ್ಟರಿಗೆ ರೋಗ ತಿಳಿಯದಿದ್ದರೆ ಅದಂತೂ ಖಂಡಿತ ವೀಕ್‌ನೆಸ್. ಅದಕ್ಕೆ ಸಲಾಯಿನ್ ಹಚ್ಚುತ್ತಾರೆ, ಬಾಟಲಿ ಖಾಲಿಯಾಗುವ ತನಕ ಬಂಧುಬಳಗ ಸುತ್ತ ಕೂತು ಹನಿ ಎಣಿಸುತ್ತದೆ. ರಾಯರಿಗೆ ಗೊತ್ತಿದ್ದ ವೀಕ್‌ನೆಸ್ ಇದೊಂದೇ. ಸಣ್ಣಂದಿನಿಂದ ಕೂಸು ಒಳಗೇ ನವೆದಿದೆ, ನಮಗೆ ಹೇಳಿಲ್ಲ! ಅವರು ಗೋಡೆ ಹಿಡಿದುಕೊಂಡೇ ಹೊರಗೆ ಬಂದರು.

ಎದುರುಮನೆಯ ಗುರುಸಿದ್ದಯ್ಯ ಒಂದು ದವಾಖಾನೆಯಲ್ಲಿ ಕಂಪೌಂಡರನಾಗಿದ್ದು ನಿವೃತ್ತನಾದವನು. ಎಲ್ಲವನ್ನೂ ಸಮಾಧಾನವಾಗಿ ಕೇಳಿ ಅವನು ಕಣ್ಣು ಮುಚ್ಚಿದ.

"ಗಾಬರಿ ಆಗಬ್ಯಾಡ್ರಿ ರಾಯರ. ವೀಕ್‌ನೆಸ್ ಅಂದ್ರ ಏನು? ರಕ್ತಕ್ಕ ಬ್ಯಾಸರ ಬಂದಿರತೈತಿ. ಅಷ್ಟ. ತಿನ್ನಾಕ ಹಾಕಿದ್ರ ಸರಿ ಹೊಕ್ಕೈತಿ. ಆದ್ರ ಒಂದ ಮಾತು, ಪೇಶಂಟಿಗೆ ಮಾತ್ರ ಹೇಳಬ್ಯಾಡ್ರಿ. ಹೇಳಿದ್ರ ಧೈರ್ಯ ಕುಗ್ಗತೈತಿ, ಧೈರ್ಯ ಕುಗ್ಗಿದ್ರ ರಕ್ತ ತೆಳ್ಳಗ ಆಗತೈತಿ. ಇಷ್ಟ ವರ್ಷ ಡಾಕ್ಟರ ಹಿಂದ ನಿಂತ ನೋಡೇನಿ ನಾ."

"ಹಿಂದ ನಿಂತ್ರ ಏನ ಕಾಣಸ್ತದೋ?"

"ಡಾಕ್ಟರ ಬೆನ್ನ ಕಾಣತೈತ್ರಿ. ಆದ್ರ ಕಿವಿ ಇದ್ದುವಲ್ಲ?"

ಈ ಗುಪ್ತ ಸಮಾಲೋಚನೆ ನಡೆದಾಗ ಹೆಬ್ಬಳ್ಳಿಯ ಬೀರವ್ವ ಬೆಣ್ಣೆಯ ಬುಟ್ಟಿ ಇಳಿಸಿಕೊಂಡು ಗುರುಸಿದ್ದಯ್ಯನ ಕಟ್ಟೆಯ ಕೆಳಗೆ ದಣಿವಾರಿಸಿಕೊಳ್ಳುತ್ತಿದ್ದಳು. ಅವಳು ಯಾರಿಗೂ ಹೇಳಲಿಲ್ಲ. ಬೆಣ್ಣೆ ಕೊಂಡವರಿಗೆ ಮಾತ್ರ ಹೇಳಿದಳು. ಸುದ್ದಿ ಹಿಟ್ಟಿನ ಗಿರಣಿ ಮುಟ್ಟುವಷ್ಟರಲ್ಲಿ ವೀಕ್‌ನೆಸ್ ಹೋಗಿ ಚಕ್ಕರ್ ಬಂದು ಬಿದ್ದದ್ದಾಗಿತ್ತು, ಗಿರಣಿಯಿಂದ ಮಠದ ಕಟ್ಟೆಗೆ ಬರುವಾಗ ಸಲಾಯಿನ್ ಹಚ್ಚಿ ಆಗಿತ್ತು, ಸಂಜೆ ಹುಬ್ಬಳ್ಳಿಯಿಂದ ರಾಯರ ನಾದಿನಿ ಫೋನು ಮಾಡಿ, "ಯಾವ ವಾರ್ಡಿನ್ಯಾಗ ಇಟ್ಟಾರ?" ಎಂದು ಕೇಳಿದಳು.

ರಾಯರ ಹೆಂಡತಿ ಇಂದೂಬಾಯಿಯವರಿಗೆ ದುಃಖವಾಯಿತು ನಿಜ. ಆದರೆ ದುಃಖಕ್ಕಿಂತ ತಾವು ಗೆದ್ದ ಸಮಾಧಾನವೇ ಒಂದು ತೂಕ ಹೆಚ್ಚಾಗಿತ್ತು. "ಅನ್ನ ಬಿಟ್ಟು ಬಿಸ್ಕೀಟು ತಿಂದ್ರ ಮತ್ತೇನಾಗ್ತದ? ನಾ ಬಡಕೊಂಡೆ. ಈ ಮನ್ಯಾಗ ನನ್ನ ಮಾತು ಯಾರ ಕೇಳ್ತಾರ?" ಎಂದು ಅಂಟಿನ ಉಂಡಿ ಕಟ್ಟಲಿಕ್ಕೆ ಕೂತರು. ಓಣಿಯೂ ಸುಮ್ಮನೆ ಕೂಡಲಿಲ್ಲ. ಒಬ್ಬರು ಬೀಟ್‌ರೂಟಿನ ರಸ ತಂದರು, ಒಬ್ಬರು ಖಾರೀಕಿನ ಖೀರು ತಂದರು. ಬಾಣಂತಿಯರಿಗೆ ಕೊಡುವ ಅಳವಿ ಪಾಯಸವನ್ನೇ ಒಬ್ಬರು ಪಾತೇಲಿ ತುಂಬ ತಂದು, "ಅದಕ್ಕಲ್ಲ ಮತ್ತ, ಶಕ್ತಿಗೆ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ ಇಟ್ಟು ಹೋದರು. ಬೀರವ್ವ ಸೆರಗಿನಲ್ಲಿ ಏನೋ ಮುಚ್ಚಿಕೊಂಡು ಹಿತ್ತಲಿನಿಂದ ಬಂದಳು.

"ಅವ್ವಾರ, ಇವು ಬಿಳೇ ಬಟಾಟಿ ಅಂತ ತಿಳಕೊಳ್ರಿ. ಅರ್ಧಾ ಕುದಿಸಿ ಕೊಡ್ರಿ. ಎಂಟ ದಿನದಾಗ ಹುಡುಗಿ ಕುಸ್ತಿ ಆಡತೈತಿ."

ಇಂದೂಬಾಯಿ ದೂರ ನಿಂತೇ ನೋಡಿದರು. "ಬಟಾಟಿ ಉರಳ್ಲಿಕತ್ತಾವಲ್ಲ, ಬೀರವ್ವಾ?"

"ಜವಾರಿ ಬಟಾಟಿ ಹಂಗ ಇರತಾವ್ರಿ."

ಆ ಬಟಾಟಿಗಳಿಗೆ ಕೋಳಿಯ ಸಂಬಂಧ ಇದೆ ಎಂದು ಗೊತ್ತಾಗಿ ಇಂದೂಬಾಯಿ ಅವನ್ನು ಹಾಗೇ ವಾಪಸು ಕಳಿಸಿದರು. ಆದರೆ ಬೀರವ್ವ ಹೋದ ಮೇಲೆ ಸ್ವಲ್ಪ ಹೊತ್ತು ಕಣ್ಣೊರೆಸಿಕೊಂಡರು. ಅಷ್ಟು ದೂರದ ಹೊಲದ ಮನೆಯಿಂದ ಒಡೆಯದ ಹಾಗೆ ತಂದಿದ್ದಳಲ್ಲ, ಪಾಪ.

ಇಷ್ಟನ್ನೆಲ್ಲ ತಿನ್ನುವ ಬಾಯಿ ಮಾತ್ರ ಒಂದೇ ಇತ್ತು. ಪರೀಕ್ಷೆ ಬಂತೆಂದು ಎಲ್ಲರೂ ಅಕ್ಕರೆ ಮಾಡುತ್ತಿದ್ದಾರೆ ಎಂದು ಸಂಪದಾ ತಿಳಿದಳು. "ಒಂದ ತಿನ್ನವಾ" ಎಂದರೆ ತಿಂದಳು. "ನಮ್ಮನೀದೂ ಒಂದ" ಎಂದರೆ ಅದನ್ನೂ ತಿಂದಳು. ಹೊಟ್ಟೆ ಹಿಡಿದುಕೊಂಡು ಓದಲಿಕ್ಕೆ ಕೂತಳು. ಕಂಪನಿಗೆ ರಕ್ತದ ರಿಪೋರ್ಟು ಬೇಕಂತೆ ಎಂದು ರಾಯರು ಸುಳ್ಳು ಹೇಳಿದಾಗ ಸತ್ತೂರಿನ ದವಾಖಾನೆಗೆ ಹೋಗಿ ತೋಳು ಒಡ್ಡಿ ರಕ್ತವನ್ನೂ ಕೊಟ್ಟಳು. ರಿಪೋರ್ಟಿನಲ್ಲಿ ಎಲ್ಲವೂ ಸರಿಯಾಗಿತ್ತು. ರಾಯರು ಕುಣಿಯುತ್ತ ಎದುರುಮನೆಗೆ ಓಡಿದರು. ಗುರುಸಿದ್ದಯ್ಯ ರಿಪೋರ್ಟನ್ನು ಬೆಳಕಿಗೆ ಹಿಡಿದು, ತಿರುಗಿಸಿ, ತಲೆ ಅಲ್ಲಾಡಿಸಿದ.

"ರಿಪೋರ್ಟಿನ್ಯಾಗ ಕಾಣದಂಥಾ ವೀಕ್‌ನೆಸ್ಸ ಖರೇ ವೀಕ್‌ನೆಸ್ಸರಿ, ರಾಯರ. ಒಳಗ ಇಳದೈತಿ."

ಪರೀಕ್ಷೆಯ ದಿನ ಬಂತು. ಮನೆಯಲ್ಲೇ ಕೂತು ಲ್ಯಾಪ್‌ಟಾಪಿನಲ್ಲಿ ಬರೆಯುವ ಪರೀಕ್ಷೆ. ಲ್ಯಾಪ್‌ಟಾಪಿಗೊಂದು ಕ್ಯಾಮೆರಾ ಇರುತ್ತದೆ, ಅದು ಬರೆಯುವವರನ್ನೇ ದುರುಗುಟ್ಟಿ ನೋಡುತ್ತದೆ. ಖೋಲಿಯಲ್ಲಿ ಎರಡನೆಯ ಮನುಷ್ಯ ಇರಬಾರದು, ಎರಡನೆಯ ದನಿ ಕೇಳಬಾರದು, ಕಣ್ಣು ಪರದೆ ಬಿಟ್ಟು ಅಲ್ಲಾಡಬಾರದು ಎಂದು ನಿಯಮ. ಸಂಪದಾ ಇದನ್ನು ಎಲ್ಲರಿಗೂ ತಿಳಿಸಿ ಹೇಳಿ ಬಾಗಿಲು ಮುಂದೆ ಮಾಡಿದಳು. ರಾಯರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕಾವಲು ಕೂತರು. ಕೊತ್ತಂಬರಿಯವನನ್ನು ಕೈಸನ್ನೆಯಲ್ಲೇ ಓಡಿಸಿದರು. ಕುಕ್ಕರು ಕೂಗಬಾರದೆಂದು ಒಲೆ ಆರಿಸಿದರು. ಇಷ್ಟು ದಿನಕ್ಕೆ ಅವರಿಗೂ ಈ ನೌಕರಿ ಹುಡುಕಾಟದಲ್ಲಿ ಒಂದು ಕೆಲಸ ಸಿಕ್ಕಿತ್ತು.

ಆಗ ಗುರುಸಿದ್ದಯ್ಯ ಕಿಡಕಿಯ ಹೊರಗಿನಿಂದ ಇಣುಕಿ ನೋಡಿ, ಸುತ್ತು ಹಾಕಿ ಬಂದು ರಾಯರ ಕಿವಿಯಲ್ಲಿ ಪಿಸುಗುಟ್ಟಿದ: "ಹುಡುಗಿ ಕಣ್ಣ ಪಿಳುಕಸವಲ್ದು. ಹಿಂಗ ಒಂದ ಕಡೆ ನೋಡಕೋತ ಕೂತ್ರ ವೀಕ್‌ನೆಸ್ ಇದ್ದಾವರಿಗೆ ಚಕ್ಕರ್ ಬರತೈತ್ರಿ. ಏನರ ಹೊಟ್ಟಿಗೆ ಹೋಗಬೇಕು. ಲಗೂ!"

ರಾಯರಿಗೆ ಒಂದು ಕಡೆ ಕಂಪನಿಯ ನಿಯಮ, ಒಂದು ಕಡೆ ಕೂಸಿನ ಜೀವ. ಆದರೆ ಸರಕಾರಿ ನೌಕರಿ ಮಾಡಿದ ಮನುಷ್ಯನಿಗೆ ನಿಯಮ ಮುರಿಯದೇ ಅದರ ಕೆಳಗೆ ನುಸುಳುವುದು ಗೊತ್ತಿರುತ್ತದೆ. ಎರಡನೆಯ ಮನುಷ್ಯ ಕಾಣಬಾರದು ಎಂದಿದೆಯೇ ಹೊರತು ಇರಬಾರದು ಎಂದು ಎಲ್ಲಿದೆ? ಇರಬಾರದು ಎಂದೂ ಇತ್ತು. ಆ ಹೊತ್ತಿಗೆ ಅವರಿಗೆ ಅದು ನೆನಪಾಗಲಿಲ್ಲ. ಕೇಶರ ಹಾಕಿದ ಹಾಲಿನ ವಾಟಗ ಕೈಯಲ್ಲಿ ಹಿಡಿದು, ಧೋತರ ಎತ್ತಿ ಕಟ್ಟಿ, ರಾಯರು ನೆಲದ ಮೇಲೆ ಮೊಣಕಾಲೂರಿ ಅಂಬೆಗಾಲಿಡುತ್ತ ಒಳಗೆ ಹೋದರು. ಮೇಜಿನ ಬುಡ ಮುಟ್ಟಿ, ಕೈ ಮಾತ್ರ ಮೇಲೆ ಎತ್ತಿದರು.

ಕ್ಯಾಮೆರಾಕ್ಕೆ ಕಂಡದ್ದು ಇಷ್ಟು: ಒಬ್ಬ ಹುಡುಗಿ ಲೆಕ್ಕ ಬಿಡಿಸುತ್ತಿದ್ದಾಳೆ. ಮೇಜಿನ ಅಂಚಿನಿಂದ, ಮೈ ಇಲ್ಲದ, ನರೆಗೂದಲಿನ ಒಂದು ಕೈ ಹಾಲಿನ ವಾಟಗದ ಸಮೇತ ಮೇಲೆ ಏಳುತ್ತಿದೆ. ಹುಡುಗಿ ಕೈಯನ್ನು ನೋಡಿದಳು. ಕ್ಯಾಮೆರಾ ನೋಡಿದಳು. ಮತ್ತೆ ಕೈಯನ್ನು ನೋಡಿದಳು. ಕೈ ವಾಟಗವನ್ನು ಇನ್ನಷ್ಟು ಮುಂದೆ ಮಾಡಿತು. ಅವಳು ವಾಟಗ ತೆಗೆದುಕೊಂಡು ಹಾಲು ಕುಡಿದಳು. ಅಷ್ಟರಲ್ಲಿ ಕಿಡಕಿಯಿಂದ ಗುರುಸಿದ್ದಯ್ಯನ ದನಿ, ಇಡೀ ಓಣಿಗೆ ಕೇಳುವ ಹಾಗೆ, "ಪೂರಾ ಕುಡಸ್ರಿ ರಾಯರ! ತಳಕ್ಕ ಕೇಶರ ಇರತೈತಿ!" ಎಂದಿತು. ಎಚ್ಚರಿಕೆ ಎಂದು ಪರದೆ ಕೆಂಪಾಯಿತು.

ಎರಡು ದಿನಕ್ಕೆ ಕಂಪನಿಯಿಂದ ಮೇಲ್ ಬಂತು. ಅಂಕಗಳು ಚೆನ್ನಾಗಿವೆ, ಆದರೆ ಪರೀಕ್ಷೆಯ ನಡುವೆ ಒಂದು ಅಪರಿಚಿತ ಕೈಯೂ ಒಂದು ಪುರುಷ ದನಿಯೂ ಕಂಡುಬಂದಿವೆ. ಖುದ್ದಾಗಿ ಬಂದು ವಿವರಣೆ ಕೊಡಬೇಕು, ಇಂಟರ್‌ವ್ಯೂ ಆಮೇಲಿನ ಮಾತು. ರಾಯರು ತಲೆ ಕೆಳಗೆ ಹಾಕಿ ನಿಂತರು. ಬೈದಿದ್ದರೆ ಚೆನ್ನಾಗಿತ್ತು. ಸಂಪದಾ ಬೈಯಲಿಲ್ಲ. "ಇರ್ಲಿ ಬಿಡ್ರಿ ಅಜ್ಜಾ, ಪ್ರೀತಿಲೆ ಮಾಡೀರಿ" ಎಂದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಮೂಗು ಒರೆಸಿಕೊಂಡ ಸಪ್ಪಳ ಬಂತು. ರಾಯರು ಅಂದು ರಾತ್ರಿ ಊಟ ಮಾಡಲಿಲ್ಲ.

ಲಕಮನಹಳ್ಳಿಗೆ ಅವಳು ಒಬ್ಬಳೇ ಹೊರಟಿದ್ದಳು. "ಕೈ ನಂದು. ಕೈ ಜೋಡಿ ನಾನೂ ಬರಬೇಕಲ್ಲ?" ಎಂದು ರಾಯರು ಹೊರಟು ನಿಂತರು. ಅವಳು ಹಿಂದೆ ಸರಿದು ಅವರನ್ನೇ ಮೊದಲು ಹತ್ತಿಸಿದಳು. ಆಟೋದಲ್ಲಿ ರಾಯರ ಬಗಲಿಗೆ ಒಂದು ಫೈಲು. ಅದರಲ್ಲಿ ಸರ್ಟಿಫಿಕೇಟುಗಳ ಮೂರು ಮೂರು ನಕಲು, ಎಲ್ಲಕ್ಕೂ ಮೇಲೆ ರಕ್ತದ ರಿಪೋರ್ಟು.

ಕಂಪನಿಯಲ್ಲಿ ಅವರನ್ನು ಕರೆದವರು ಬುಶ್ರಾ ಎಂಬ ಅಧಿಕಾರಿ. ನೌಕರರನ್ನು ಆರಿಸುವ ಕೆಲಸ ಅವರದೇ. ಹುಬ್ಬಳ್ಳಿಯವರು, ಸೌಮ್ಯ ಮುಖ, ನೆಟ್ಟ ನೋಟ. ರಾಯರು ಬಾಗಿಲ ಹೊರಗಿನ ಕುರ್ಚಿಯಲ್ಲಿ ಕೂತರು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಅದು ಮುಚ್ಚದ ಹಾಗೆ ನಡುವೆ ರಾಯರ ಚಪ್ಪಲಿ ಇತ್ತು.

"ಆ ಕೈ ಯಾರದವಾ?"

"ನಮ್ಮ ಅಜ್ಜಾರದ್ರಿ, ಮೇಡಂ."

"ವಾಟಗದಾಗ?"

"ಹಾಲ್ರಿ. ಕೇಶರ ಹಾಕಿದ್ದು."

"ಕೇಶರದ್ದು ನಮಗೂ ಕೇಳಿಸ್ತು" ಎಂದರು ಬುಶ್ರಾ. ದನಿಯಲ್ಲಿ ನಗು ಇತ್ತು. "ಇರ್ಲಿ. ಹಾಲಿನ್ಯಾಗ ಉತ್ತರ ಬರದಿರೂದಿಲ್ಲ. ಈಗ ನಿನ್ನ ವೀಕ್‌ನೆಸ್ ಏನು, ಹೇಳು ನೋಡೂಣು."

ಬಾಗಿಲು ಧಡಾರನೆ ತೆರೆಯಿತು.

"ವೀಕ್‌ನೆಸ್ ಇತ್ರಿ ಮೇಡಂ, ಸುಳ್ಳ ಹೇಳೂದಿಲ್ಲ. ಸಣ್ಣಾಕಿ ಇದ್ದಾಗಿಂದ ಇತ್ತು!" ರಾಯರು ಫೈಲನ್ನು ಮೇಜಿನ ಮೇಲೆ ಬಿಚ್ಚಿದರು. "ಆದ್ರ ಈಗ ಪೂರಾ ಹೋಗ್ಯದ. ರಕ್ತದ ರಿಪೋರ್ಟ್ ನೋಡ್ರಿ. ಅಂಟಿನ ಉಂಡಿ ತಿನ್ನಿಸೇವಿ, ಬೀಟ್‌ರೂಟ್ ಕುಡಿಸೇವಿ, ಅಳವಿ ಪಾಯಸ ಹಾಕೇವಿ. ಒಂದ ದಿನಾನೂ ಚಕ್ಕರ್ ಬಂದಿಲ್ಲ. ನಿಮ್ಮ ಕುರ್ಚಿ ಮ್ಯಾಲೆ ಕೂತಾಕಿ ಕೆಳಗ ಬೀಳೂದಿಲ್ಲ, ಆ ಜಿಮ್ಮಾ ನಂದು!"

ಬುಶ್ರಾ ರಿಪೋರ್ಟು ನೋಡಿದರು, ರಾಯರನ್ನು ನೋಡಿದರು, ಸಂಪದಾಳನ್ನು ನೋಡಿದರು. ಸಂಪದಾಳ ಮುಖದ ಮೇಲೆ ಒಂದೊಂದೇ ಉಂಡಿಯ ಅರ್ಥ ಬೆಳಗುತ್ತ ಹೋಯಿತು. "ಅಯ್ಯ ಅಜ್ಜಾ... ಅದಕ್ಕ?" ಎಂದಳು. ಆಮೇಲೆ ಬುಶ್ರಾ ನಕ್ಕರು. ಮೇಜು ಹಿಡಿದುಕೊಂಡು ನಕ್ಕರು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ವೀಕ್‌ನೆಸ್ ಎಂದರೆ ಇಲ್ಲಿ ಸ್ವಭಾವದ ಕುಂದು ಎಂದು ರಾಯರಿಗೆ ತಿಳಿಸಿ ಹೇಳಿ, ಸಂಪದಾಳ ಕಡೆ ತಿರುಗಿದರು.

"ಅಷ್ಟೂ ತಿಂದಿ?"

"ತಿಂದೆರಿ."

"ಕೇಳಲಿಲ್ಲ, ಯಾಕ ಅಂತ? ರಕ್ತಾನೂ ಕೊಟ್ಟಿ? ಪರೀಕ್ಷಾ ನಡುವ ಹಾಲೂ ಕುಡದಿ?"

ಸಂಪದಾ ತಲೆ ತಗ್ಗಿಸಿದಳು. ಗೆಳತಿ ಕಲಿಸಿದ ಉತ್ತರ ಬಾಯಿಗೆ ಬರಲಿಲ್ಲ. "ನಂಗ ಯಾರಿಗೂ ಒಲ್ಲೆ ಅನ್ಲಿಕ್ಕೆ ಬರೂದಿಲ್ರಿ, ಮೇಡಂ. ಅದ ನನ್ನ ವೀಕ್‌ನೆಸ್ರಿ."

ಬುಶ್ರಾ ನಗು ನಿಲ್ಲಿಸಿದರು. "ಖರೇ ಹೇಳಿದಿ, ಸಂತೋಷ. ಆದ್ರ ಈ ಕೆಲಸ ಏನು ಗೊತ್ತೈತಿಲ್ಲ? ಬಿಲ್ ತಪಾಸ ಮಾಡೂದು. ದಿನಾ ಹತ್ತು ಮಂದಿ ಬಂದು, ಇದೊಂದು ಬಿಟ್ಟುಬಿಡವಾ, ಅದೊಂದು ಪಾಸ್ ಮಾಡವಾ ಅಂತಾರ. ಎಲ್ಲಾರೂ ನಿಮ್ಮ ಅಜ್ಜಾರ ಹಂಗ ಪ್ರೀತಿಲೇ ಅಂತಾರ. ಒಲ್ಲೆ ಅನ್ನಾಕ ಬರದಾಕಿನ್ನ ಆ ಟೇಬಲ್ಲಿಗೆ ನಾ ಹೆಂಗ ಕೂಡಸಲಿ?"

ನೌಕರಿ ಕೈಗೆ ಬಂದು ಜಾರುತ್ತಿತ್ತು. ರಾಯರಿಗೆ ತಡೆಯಲಾಗಲಿಲ್ಲ. "ಅನ್ತಾಳ್ರಿ ಮೇಡಂ! ಇವತ್ತಿಂದ ಅನ್ತಾಳ. ನಾ ಮನ್ಯಾಗ ಕಲಿಸ್ತೇನಿ. ಏ ಸಂಪೂ, ಅನ್ನು, ಒಲ್ಲೆ ಅನ್ನು! ಹೇಳ್ತಾಳ್ರಿ, ಸ್ವಲ್ಪ ನಾಚಗೀ ಸ್ವಭಾವ. ಅಕೀ ಪರವಾಗಿ ನಾ ಹೇಳ್ತೇನಿ—"

"ಅಜ್ಜಾ."

ರಾಯರ ಮಾತು ಅರ್ಧಕ್ಕೆ ನಿಂತಿತು.

"ನೀವು ಹೇಳೂದು ಬ್ಯಾಡ. ಹೊರಗ ಕೂಡ್ರಿ. ನಾ ಹೇಳ್ತೇನಿ."

ದನಿ ಏರಿರಲಿಲ್ಲ, ನಡುಗಿರಲೂ ಇಲ್ಲ. ರಾಯರು ಬುಶ್ರಾರ ಕಡೆ ನೋಡಿದರು. ಅವರು ರಾಯರನ್ನು ನೋಡುತ್ತಿರಲಿಲ್ಲ, ಹುಡುಗಿಯನ್ನು ನೋಡುತ್ತಿದ್ದರು. ರಾಯರು ಫೈಲು ಕಟ್ಟಿಕೊಂಡರು. ಹೊರಗೆ ಬಂದು, ಬಾಗಿಲ ಸಂದಿಯಲ್ಲಿದ್ದ ಚಪ್ಪಲಿ ತೆಗೆದು, ಬಾಗಿಲನ್ನು ತಾವೇ ಮುಚ್ಚಿದರು.

ಬಾಲವಾಡಿಯ ಮೊದಲ ದಿನ ಈ ಹುಡುಗಿ ಅವರ ಧೋತರದ ಚುಂಗು ಹಿಡಿದು ಬಿಡಲೇ ಒಲ್ಲೆ ಎಂದು ಕೂತಿತ್ತು. ಕಲಿಸುವ ಅಕ್ಕೋರು ಬೆರಳು ಒಂದೊಂದಾಗಿ ಬಿಡಿಸಿದ್ದರು. ಅಜ್ಜ ಕಿಡಕಿಯಲ್ಲಿ ಕಾಣುವ ಹಾಗೆ ಕೂತರೆ ಮಾತ್ರ ಒಳಗೆ ಇರುತ್ತೇನೆ ಎಂದು ಕರಾರು ಹಾಕಿತ್ತು. ರಾಯರು ಒಂದು 'ಕ್ಯಾಜುವಲ್ ಲೀವ್' ಹಾಕಿ ಬೇವಿನ ಗಿಡದ ಕೆಳಗೆ ಇಡೀ ದಿನ ಕೂತಿದ್ದರು. ಅವಳು ನಡುನಡುವೆ ಎದ್ದು ನೋಡುತ್ತಿದ್ದಳು, ಇವರು ಕೈ ಎತ್ತುತ್ತಿದ್ದರು. ಎಂಥ ಚಂದದ ದಿನ ಅದು! ಈಗ ಈ ಬಾಗಿಲಿಗೆ ಕಿಡಕಿಯೂ ಇರಲಿಲ್ಲ. ರಾಯರಿಗೆ ಅಳು ಬಂತು. ಕಂಪನಿಯಲ್ಲಿ ಅಳಬಾರದೆಂದು ಗೋಡೆಯ ಮೇಲಿನ ಸುರಕ್ಷತೆಯ ಸೂಚನೆಗಳನ್ನು ಓದುತ್ತ ಕೂತರು.

ಸಂಪದಾ ಬಹಳ ಹೊತ್ತಿನ ಮೇಲೆ ಹೊರಗೆ ಬಂದಳು. ಗೇಟು ದಾಟಿದ ಕೂಡಲೇ ಅಜ್ಜನ ಕೈ ಹಿಡಿದು, "ಸೋಮವಾರದಿಂದ ಬಾ ಅಂದಾರ" ಎಂದಳು.

ಸುದ್ದಿ ಕೇಳಲಿಕ್ಕೆ ಕಟ್ಟೆಯ ಮುಂದೆ ಓಣಿಯೇ ನೆರೆದಿತ್ತು. ರಾಯರು ಆಟೋದಿಂದ ಇಳಿಯುತ್ತಲೇ ಎರಡೂ ಕೈ ಮೇಲೆತ್ತಿ, "ಒಲ್ಲೆ ಅಂದ್ಲು!" ಎಂದು ಕೂಗಿದರು.

ಗುರುಸಿದ್ದಯ್ಯನ ಮುಖ ಬಿತ್ತು. "ಅಯ್ಯ ಶಿವನ! ಬಂದ ನೌಕರಿ ಒಲ್ಲೆ ಅಂದ್ಲ್ಯಾ? ನಾ ಹೇಳಿದ್ನಿಲ್ಲ, ವೀಕ್‌ನೆಸ್ ತಲಿಗೆ ಏರೈತಿ."

"ನೌಕರಿಗೆ ಅಲ್ಲೋ, ಮಾರಾಯಾ. ನೌಕರಿ ಆತು. ಒಲ್ಲೆ ಅಂದದ್ದು ನನಗ! ಏನ ಚಂದ ಅಂದ್ಲಂತಿ! ನಮ್ಮ ಮನ್ಯಾಗ ಇಷ್ಟ ಛಲೋ ಒಲ್ಲೆ ಯಾರೂ ಅಂದಿದ್ದಿಲ್ಲ."

ಯಾರಿಗೂ ಏನೂ ತಿಳಿಯಲಿಲ್ಲ. ಆದರೂ ನೌಕರಿ ಆಯಿತು ಎಂಬಷ್ಟು ಸಾಕಾಗಿ ಎಲ್ಲರೂ ನಕ್ಕರು. ಬೀರವ್ವ ಬುಟ್ಟಿಯಿಂದ ಬೆಣ್ಣೆ ತೆಗೆದು ಹುಡುಗಿಯ ಬಾಯಿಗೆ ಇಡಲು ಬಂದಳು. "ಬ್ಯಾಡ ಬೀರವ್ವಾ, ಹೊಟ್ಟಿ ತುಂಬೇದ" ಎಂದಳು ಸಂಪದಾ. ಬೀರವ್ವ ಬೆಣ್ಣೆಯನ್ನು ರಾಯರ ಬಾಯಿಗೆ ಇಟ್ಟಳು.

ಸೋಮವಾರ ಮುಂಜಾನೆ ರಾಯರು ನಸುಕಿನಲ್ಲೇ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಟ್ಟೆಯ ಮೇಲೆ ಕೂತಿದ್ದರು. ಸಂಪದಾ ಚಪ್ಪಲಿ ಹಾಕಿಕೊಳ್ಳುತ್ತ ಅವರ ಅಂಗಿ ನೋಡಿದಳು. ಬಾಗಿ ಕಾಲಿಗೆ ನಮಸ್ಕಾರ ಮಾಡಿ, "ಬರ್ತೇನಿ ಅಜ್ಜಾ" ಎಂದು ಬಸ್ ಸ್ಟಾಪಿನ ಕಡೆಗೆ ಹೊರಟಳು. ಓಣಿಯ ತಿರುವಿನ ತನಕ ಅವಳು ಹೋಗುವುದನ್ನು ರಾಯರು ನೋಡುತ್ತಿದ್ದರು. ಎರಡೂ ಕೈಯಿಂದ ಕಟ್ಟೆಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಬಿಟ್ಟರೆ ಎಲ್ಲಿ ಎದ್ದು ಹಿಂದೆಯೇ ಹೋಗಿಬಿಡುತ್ತೇನೋ ಎಂದು.